ನೆಗಡಿಗೆ ಮೆಗ್ಗಾನ್, ಎದೆನೋವಿಗೆ ಸೋಡಾ! ಯಾವ ಕಾಯಿಲೆಗೆ ಎಲ್ಲಿಗೆ ಹೋಗಬೇಕು? ಇಲ್ಲಿದೆ ಪೂರ್ತಿ ಮಾಹಿತಿ

ಶಿವಮೊಗ್ಗ: ಎರಡು ದಿನದ ನೆಗಡಿ, ಕೆಮ್ಮು ಅಂತ ಬೆಳಿಗ್ಗೆ ಬಸ್ ಹತ್ತಿ, ಮೆಗ್ಗಾನ್ ಆಸ್ಪತ್ರೆಯ ಚೀಟಿ ಕೌಂಟರ್ ಮುಂದೆ ಸಾಲು ನಿಂತು, ಮಧ್ಯಾಹ್ನ ಮಾತ್ರೆ ತೆಗೆದುಕೊಂಡು ಊರಿಗೆ ವಾಪಸ್ ಆಗುವವರು ಜಿಲ್ಲೆಯ ಎಲ್ಲಾ ತಾಲೂಕುಗಳಲ್ಲೂ ಇದ್ದಾರೆ. ಅದೇ ಮನೆಗಳಲ್ಲಿ ರಾತ್ರಿ ಹನ್ನೊಂದಕ್ಕೆ ಯಜಮಾನರಿಗೆ ಎದೆ ಹಿಂಡಿದಂತಾದರೆ, "ಗ್ಯಾಸ್ ಇರ್ಬೇಕು, ಒಂದು ಸೋಡಾ ಕುಡೀರಿ, ಬೆಳಿಗ್ಗೆ ನೋಡೋಣ" ಎನ್ನುವುದೂ ನಡೆಯುತ್ತದೆ. ಮೊದಲನೆಯದರಲ್ಲಿ ಹೋಗುವುದು ಒಂದು ದಿನದ ಕೂಲಿ. ಎರಡನೆಯದರಲ್ಲಿ ಜೀವವೇ ಹೋಗಬಹುದು.

ದೊಡ್ಡ ಆಸ್ಪತ್ರೆಗೆ ಹೋದರೆ ಒಳ್ಳೆಯದು ಎಂಬ ಲೆಕ್ಕ ಎಲ್ಲಾ ಸಲ ಸರಿಯಲ್ಲ. ಹತ್ತಿರದ ಆಸ್ಪತ್ರೆಗೇ ಹೋಗಬೇಕು ಎಂಬುದೂ ಎಲ್ಲಾ ಸಲ ಸರಿಯಲ್ಲ. ಆ ಹೊತ್ತಿಗೆ ರೋಗಿಗೆ ಏನು ಬೇಕು, ಅದು ಎಲ್ಲಿ ಸಿಗುತ್ತದೆ ಅನ್ನುವುದೇ ಮುಖ್ಯ. ಒಂದಕ್ಕೆ ಇಸಿಜಿ ಬೇಕು, ಇನ್ನೊಂದಕ್ಕೆ ಸಿ.ಟಿ. ಸ್ಕ್ಯಾನ್ ಬೇಕು, ಮತ್ತೊಂದಕ್ಕೆ ಹಾವಿನ ವಿಷದ ಚುಚ್ಚುಮದ್ದು ಬೇಕು. ಇದನ್ನು ಆರಾಮಾಗಿರುವಾಗಲೇ ತಿಳಿದುಕೊಂಡಿದ್ದರೆ ರಾತ್ರಿ ಹೊತ್ತು ಗಾಬರಿಯಲ್ಲಿ ಯೋಚಿಸುವ ಕೆಲಸ ಇರುವುದಿಲ್ಲ.

ಯಾವ ಆಸ್ಪತ್ರೆಯಲ್ಲಿ ಏನಿದೆ?

ಊರಿನಲ್ಲಿ ಮೊದಲು ಸಿಗುವವರು ಆಶಾ ಕಾರ್ಯಕರ್ತೆ. ಆಮೇಲೆ ಉಪಕೇಂದ್ರ. ಈಗ ಇದರ ಬೋರ್ಡಿನ ಮೇಲೆ 'ಆಯುಷ್ಮಾನ್ ಆರೋಗ್ಯ ಮಂದಿರ' ಎಂದು ಬರೆದಿರುತ್ತದೆ. ಬಿಪಿ, ಶುಗರ್ ತಪಾಸಣೆ, ಆ ಮಾತ್ರೆಗಳು, ಗರ್ಭಿಣಿಯರ ತಪಾಸಣೆ, ಮಕ್ಕಳ ಲಸಿಕೆ, ಓಆರ್‌ಎಸ್ ಪ್ಯಾಕೆಟ್ ಇಲ್ಲಿ ಸಿಗುತ್ತವೆ. ತಿಂಗಳ ಬಿಪಿ ಮಾತ್ರೆಗೆ ಅಂತ ಪೇಟೆಗೆ ಹೋಗಬೇಕಿಲ್ಲ.

ನಂತರ ಪ್ರಾಥಮಿಕ ಆರೋಗ್ಯ ಕೇಂದ್ರ. ಸರ್ಕಾರಿ ಮಾನದಂಡದ ಪ್ರಕಾರ ಬಯಲುಸೀಮೆಯಲ್ಲಿ 30 ಸಾವಿರ, ಗುಡ್ಡಗಾಡು ಪ್ರದೇಶದಲ್ಲಿ 20 ಸಾವಿರ ಜನಸಂಖ್ಯೆಗೆ ಒಂದು. ಇಲ್ಲಿ ಎಂಬಿಬಿಎಸ್ ವೈದ್ಯರು, ಲ್ಯಾಬ್, ಔಷಧಿ ಇರುತ್ತವೆ. ಜ್ವರ, ಕೆಮ್ಮು, ಭೇದಿ, ಗಾಯಕ್ಕೆ ಡ್ರೆಸ್ಸಿಂಗ್, ಚರ್ಮದ ಕಾಯಿಲೆ, ನಾಯಿ ಕಚ್ಚಿದ್ದಕ್ಕೆ ಲಸಿಕೆ ಇಷ್ಟಕ್ಕೆಲ್ಲ ಇದು ಸಾಕು. ಆದರೆ ಎಲ್ಲಾ ಕೇಂದ್ರಗಳಲ್ಲೂ ರಾತ್ರಿ ವೈದ್ಯರು ಇರುವುದಿಲ್ಲ. ನಿಮ್ಮ ಊರಿನದು 24 ಗಂಟೆಯದ್ದಾ, ಹಗಲು ಮಾತ್ರವಾ ಅಂತ ಆಶಾ ಅಥವಾ ನರ್ಸ್ ಹತ್ತಿರ ಕೇಳಿ ಇಟ್ಟುಕೊಳ್ಳುವುದು ಒಳ್ಳೆಯದು. ನಗರದ ಬಡಾವಣೆಗಳಲ್ಲಿ ಇದೇ ಕೆಲಸಕ್ಕೆ 'ನಮ್ಮ ಕ್ಲಿನಿಕ್'ಗಳಿವೆ.

ಸಮುದಾಯ ಆರೋಗ್ಯ ಕೇಂದ್ರ ಅಂದರೆ 30 ಹಾಸಿಗೆಯ ಆಸ್ಪತ್ರೆ. ತಾಲೂಕು ಆಸ್ಪತ್ರೆಯಲ್ಲಿ ಹೆರಿಗೆ, ಮಕ್ಕಳು, ಸರ್ಜರಿ, ಮೂಳೆ ವಿಭಾಗದ ತಜ್ಞರ ಹುದ್ದೆಗಳಿರುತ್ತವೆ, ತುರ್ತು ವಿಭಾಗ 24 ಗಂಟೆ ತೆರೆದಿರುತ್ತದೆ. ತೀರ್ಥಹಳ್ಳಿಯ ಜೆ.ಸಿ. ಆಸ್ಪತ್ರೆ, ಸಾಗರದ ಉಪವಿಭಾಗೀಯ ಆಸ್ಪತ್ರೆ ಈ ಮಟ್ಟದವು. ಅವುಗಳ ಮೇಲೆ ಶಿವಮೊಗ್ಗದ ಮೆಗ್ಗಾನ್. ಸಿಮ್ಸ್ ವೈದ್ಯಕೀಯ ಕಾಲೇಜಿಗೆ ಸೇರಿದ ಬೋಧನಾ ಆಸ್ಪತ್ರೆ ಆದ್ದರಿಂದ ಸ್ಕ್ಯಾನ್, ಐಸಿಯು, ವೆಂಟಿಲೇಟರ್ ಎಲ್ಲವೂ ಇರುವುದು ಅಲ್ಲಿ.

ಎದೆನೋವು: ಮೊದಲು ಇಸಿಜಿ, ಆಮೇಲೆ ಉಳಿದಿದ್ದು

ಎದೆಯ ನಡುಭಾಗ ಒತ್ತಿದಂತೆ, ಭಾರ ಇಟ್ಟಂತೆ ಆಗುವುದು, ನೋವು ಎಡಗೈಗೋ ದವಡೆಗೋ ಬೆನ್ನಿಗೋ ಹರಡುವುದು, ತಣ್ಣಗೆ ಬೆವರುವುದು, ಉಸಿರು ಸಾಲದಾಗುವುದು ಹೃದಯಾಘಾತದ ಲಕ್ಷಣಗಳು. ಶುಗರ್ ಇರುವವರಲ್ಲಿ, ಹೆಂಗಸರಲ್ಲಿ, ವಯಸ್ಸಾದವರಲ್ಲಿ ಇಷ್ಟು ಸ್ಪಷ್ಟವಾಗಿ ಕಾಣದೇ ಇರಬಹುದು. ಸುಸ್ತು, ವಾಕರಿಕೆ, ಹೊಟ್ಟೆಯ ಮೇಲ್ಭಾಗದಲ್ಲಿ ಉರಿ ಅಷ್ಟೇ ಇರುತ್ತದೆ. ಗ್ಯಾಸ್ ಎಂದು ಮೋಸ ಹೋಗುವುದು ಇಲ್ಲೇ. ಗ್ಯಾಸೋ ಹೃದಯವೋ ಅಂತ ಮನೆಯಲ್ಲಿ ಕೂತು ಹೇಳಲು ಯಾರಿಗೂ ಆಗುವುದಿಲ್ಲ, ವೈದ್ಯರಿಗೂ ಆಗುವುದಿಲ್ಲ. ಇಸಿಜಿ ತೆಗೆಯಲೇಬೇಕು.

ಹಾಗಾದರೆ ಎಲ್ಲಿಗೆ? ಸಾಗರದಿಂದ ಶಿವಮೊಗ್ಗಕ್ಕೆ ಸುಮಾರು 70 ಕಿ.ಮೀ., ತೀರ್ಥಹಳ್ಳಿಯಿಂದ ಸುಮಾರು 60 ಕಿ.ಮೀ. ನೇರ ದೊಡ್ಡ ಆಸ್ಪತ್ರೆಗೇ ಹೋಗುತ್ತೇವೆ ಅಂತ ಹೊರಟರೆ ರಸ್ತೆಯಲ್ಲೇ ಒಂದು ಗಂಟೆಯ ಮೇಲೆ ಕಳೆಯುತ್ತದೆ. ಹೃದಯದ ರಕ್ತನಾಳ ಕಟ್ಟಿಕೊಂಡಿದ್ದರೆ ಆ ಒಂದು ಗಂಟೆಯಲ್ಲಿ ಸಾಯುವ ಸ್ನಾಯು ಮತ್ತೆ ಬರುವುದಿಲ್ಲ. ರಾಜ್ಯ ಸರ್ಕಾರ 'ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ' ಯೋಜನೆ ತಂದಿರುವುದು ಇದಕ್ಕೇ. ಯೋಜನೆ ಇರುವ ತಾಲೂಕು ಆಸ್ಪತ್ರೆಯಲ್ಲಿ ಇಸಿಜಿ ತೆಗೆದು ದೂರದ ಹೃದ್ರೋಗ ತಜ್ಞರಿಗೆ ಕಳುಹಿಸುತ್ತಾರೆ. ಅವರು ಹೌದು ಎಂದರೆ ರಕ್ತದ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಅಲ್ಲೇ ಉಚಿತವಾಗಿ ಕೊಡುತ್ತಾರೆ. ಹೊರಗೆ ಸಾವಿರಾರು ರೂಪಾಯಿ ಬೆಲೆಯ ಔಷಧಿ ಅದು. ಚುಚ್ಚುಮದ್ದು ಕೊಟ್ಟ ಮೇಲೆ ಆಂಜಿಯೋಗ್ರಾಂಗೆ ದೊಡ್ಡ ಆಸ್ಪತ್ರೆಗೆ ಕಳುಹಿಸುತ್ತಾರೆ. ಅಂದರೆ ಎದೆನೋವಿಗೆ ಹಳ್ಳಿಯಿಂದ ಹೊರಡುವ ಗಾಡಿ ತಾಲೂಕು ಆಸ್ಪತ್ರೆಯಲ್ಲಿ ನಿಲ್ಲಬೇಕು, ದಾಟಿ ಹೋಗಬಾರದು. ಶಿವಮೊಗ್ಗ ನಗರದ ಪಕ್ಕದಲ್ಲೇ ಇರುವವರ ಮಾತು ಬೇರೆ, ಅವರಿಗೆ ನಗರವೇ ಹತ್ತಿರ.

ರೋಗಿಯನ್ನು ನಡೆಸಬಾರದು, ಮೆಟ್ಟಿಲು ಹತ್ತಿಸಬಾರದು, ತಾನೇ ಬೈಕ್ ಓಡಿಸಿಕೊಂಡು ಬರಲು ಬಿಡಬಾರದು. ಪಕ್ಕದ ಮನೆಯವರ ಡಬ್ಬಿಯಿಂದ ನಾಲಿಗೆ ಕೆಳಗಿಡುವ ಮಾತ್ರೆ ತಂದು ಕೊಡುವುದೂ ಬೇಡ. ಬಿಪಿ ಕಡಿಮೆ ಇದ್ದವರಿಗೆ ಅದರಿಂದ ಇನ್ನಷ್ಟು ಕುಸಿಯುತ್ತದೆ.

ಪಾರ್ಶ್ವವಾಯುವಿಗೆ ಲೆಕ್ಕ ಉಲ್ಟಾ

ಬಾಯಿ ಒಂದು ಕಡೆ ಸೊಟ್ಟಗಾಗುವುದು, ಒಂದು ಕೈ ಅಥವಾ ಕಾಲಿನ ಶಕ್ತಿ ಹೋಗುವುದು, ಮಾತು ತೊದಲುವುದು. ಇವುಗಳಲ್ಲಿ ಒಂದು ಇದ್ದಕ್ಕಿದ್ದಂತೆ ಕಂಡರೂ ಗಡಿಯಾರ ನೋಡಬೇಕು. ಹೆಪ್ಪು ಕರಗಿಸುವ ಔಷಧಿ ಕೊಡಲು ಸಿಗುವ ಸಮಯ ನಾಲ್ಕೂವರೆ ಗಂಟೆ. ಆದರೆ ಪಾರ್ಶ್ವವಾಯು ರಕ್ತನಾಳ ಕಟ್ಟಿಕೊಂಡೂ ಆಗಬಹುದು, ಒಡೆದೂ ಆಗಬಹುದು. ಒಡೆದಿದ್ದರೆ ಅದೇ ಔಷಧಿ ಪ್ರಾಣಕ್ಕೆ ಎರವಾಗುತ್ತದೆ. ಯಾವುದೆಂದು ಗೊತ್ತಾಗಲು ಸಿ.ಟಿ. ಸ್ಕ್ಯಾನ್ ಬೇಕೇ ಬೇಕು.

ಹಾಗಾಗಿ ಇಲ್ಲಿ ಸ್ಕ್ಯಾನ್ ಇಲ್ಲದ ಆಸ್ಪತ್ರೆಯಲ್ಲಿ ಡ್ರಿಪ್ ಹಾಕಿಸಿಕೊಂಡು ಕಾಯುವುದು ಸಮಯ ದಂಡ. ರೋಗಿಗೆ ಎಚ್ಚರವಿದ್ದು ಉಸಿರಾಟ ಸರಿಯಿದ್ದರೆ ಸ್ಕ್ಯಾನ್ ಇರುವ ಕಡೆಗೇ ನೇರ ಹೋಗುವುದು ಸರಿ. ಹೊರಡುವಾಗಲೇ ಫೋನ್ ಮಾಡಿ, "ಈಗ ಸಿ.ಟಿ. ಆಗುತ್ತದಾ?" ಎಂದು ಕೇಳಬೇಕು. ಸಾಧ್ಯವಾದರೆ 'ಕೊನೆಯದಾಗಿ ಸರಿಯಿದ್ದ ಸಮಯ' ಬರೆದುಕೊಳ್ಳಿ, ವೈದ್ಯರು ಮೊದಲು ಕೇಳುವುದು ಅದನ್ನೇ. ಮಲೆನಾಡಿನಲ್ಲಿ ಪಾರ್ಶ್ವವಾಯು ಅಂದ ತಕ್ಷಣ ನಾಟಿ ಎಣ್ಣೆಗೆ ಓಡುವ ರೂಢಿ ಇದೆ. ಎಣ್ಣೆ ತಿಕ್ಕಲು ಮುಂದೆ ತಿಂಗಳುಗಟ್ಟಲೆ ಸಮಯ ಇರುತ್ತದೆ, ಆ ನಾಲ್ಕೂವರೆ ಗಂಟೆ ಮಾತ್ರ ಮತ್ತೆ ಸಿಗುವುದಿಲ್ಲ.

ಹಾವು ಕಚ್ಚಿದರೆ

ಅಡಿಕೆ ತೋಟ, ಭತ್ತದ ಗದ್ದೆ, ಕೊಟ್ಟಿಗೆ, ಸೌದೆ ರಾಶಿ ಇರುವ ಜಿಲ್ಲೆಯಲ್ಲಿ ಇದು ಹೊಸ ಮಾತಲ್ಲ. ಹಾವು ಕಡಿತವನ್ನು ವರದಿ ಮಾಡಲೇಬೇಕಾದ ಪ್ರಕರಣ ಎಂದು 2024ರಲ್ಲಿ ಕರ್ನಾಟಕ ಘೋಷಿಸಿದೆ. ಸರ್ಕಾರಿ, ಖಾಸಗಿ ಯಾವ ಆಸ್ಪತ್ರೆಗೆ ಬಂದರೂ ಲೆಕ್ಕಕ್ಕೆ ಸಿಗಬೇಕು ಎಂಬುದು ಉದ್ದೇಶ.

ಮಾಡಬೇಕಾದ್ದು ಸ್ವಲ್ಪವೇ. ಉಂಗುರ, ಬಳೆ, ಕಾಲ್ಗೆಜ್ಜೆ ತೆಗೆಯುವುದು, ಯಾಕೆಂದರೆ ಊತ ಬರುತ್ತದೆ. ಕಚ್ಚಿದ ಕೈಕಾಲನ್ನು ಮೂಳೆ ಮುರಿದಾಗ ಮಾಡುವಂತೆ ಕೋಲಿಟ್ಟು ಸಡಿಲವಾಗಿ ಕಟ್ಟಿ, ಅಲ್ಲಾಡದಂತೆ ನೋಡಿಕೊಳ್ಳುವುದು. ನಡೆಸದೇ ಎತ್ತಿಕೊಂಡು ಗಾಡಿಗೆ ಹಾಕುವುದು. ಹಗ್ಗದಿಂದ ಬಿಗಿಯಾಗಿ ಕಟ್ಟುವುದು, ಬ್ಲೇಡಿನಿಂದ ಕೊಯ್ಯುವುದು, ಬಾಯಿಂದ ಹೀರುವುದು ಇವೆಲ್ಲ ಗಾಯವನ್ನು ಹಾಳು ಮಾಡುತ್ತವೆ ಬಿಟ್ಟರೆ ವಿಷ ಇಳಿಸುವುದಿಲ್ಲ. ಹಾವನ್ನು ಹುಡುಕಿ ಹೊಡೆದು ಚೀಲದಲ್ಲಿ ತರುವುದೂ ಬೇಡ, ಹಾಗೆ ಹೋಗಿ ಎರಡನೆಯವರೂ ಕಚ್ಚಿಸಿಕೊಂಡಾರು. ದೂರದಿಂದ ಮೊಬೈಲಿನಲ್ಲಿ ಫೋಟೋ ಸಿಕ್ಕರೆ ಸಿಗಲಿ, ಇಲ್ಲದಿದ್ದರೂ ಲಕ್ಷಣ ನೋಡಿ ಚಿಕಿತ್ಸೆ ಕೊಡುತ್ತಾರೆ.

"ನಮ್ಮೂರಲ್ಲಿ ಬೇರು ಅರೆದು ಕೊಡೋರಿದ್ದಾರೆ, ಅವರ ಕೈಗುಣಕ್ಕೆ ಎಷ್ಟೋ ಜನ ಉಳಿದಿದ್ದಾರೆ ಮಾರಾಯ್ರೆ" ಎನ್ನುವ ಮಾತು ಮಲೆನಾಡಿನಲ್ಲಿ ಸಾಮಾನ್ಯ. ಉಳಿದಿರುವುದೂ ನಿಜವೇ. ಯಾಕೆಂದರೆ ಬಹಳಷ್ಟು ಕಡಿತಗಳು ವಿಷವಿಲ್ಲದ ಹಾವಿನವು. ವಿಷದ ಹಾವೂ ಕೆಲವು ಸಲ ವಿಷ ಬಿಡದೇ ಕಚ್ಚುತ್ತದೆ. ಏನೂ ಕೊಡದಿದ್ದರೂ ಅವರು ಉಳಿಯುತ್ತಿದ್ದರು. ನಿಜವಾಗಿ ವಿಷ ಏರಿದವರಿಗೆ ಬೇರು ಅರೆಯುವ ಎರಡು ಗಂಟೆಯೇ ಮುಳುವಾಗುತ್ತದೆ.

ಕಟ್ಟುಹಾವಿನ ವಿಷಯದಲ್ಲಿ ಹೆಚ್ಚು ಎಚ್ಚರ ಬೇಕು. ಅದು ರಾತ್ರಿ ನೆಲದ ಮೇಲೆ ಮಲಗಿದವರಿಗೆ ಕಚ್ಚುತ್ತದೆ. ನೋವಿಲ್ಲ, ಊತವಿಲ್ಲ, ಗುರುತೂ ಕಾಣದೇ ಇರಬಹುದು. ಬೆಳಗಿನ ಜಾವ ಹೊಟ್ಟೆನೋವು, ರೆಪ್ಪೆ ಎತ್ತಲಾಗದಿರುವುದು, ನುಂಗಲು ಕಷ್ಟ ಎಂದರೆ ಹಾವು ನೋಡಿರದಿದ್ದರೂ ಹಾವು ಕಡಿತ ಎಂದೇ ತಿಳಿದು ಓಡಬೇಕು. ಉಸಿರಾಟದ ಸ್ನಾಯುಗಳು ನಿಂತರೆ ವೆಂಟಿಲೇಟರ್ ಬೇಕಾಗುತ್ತದೆ. ಕೊಳಕುಮಂಡಲ ಕಚ್ಚಿದರೆ ಇದಕ್ಕೆ ತದ್ವಿರುದ್ಧ. ಭಾರಿ ನೋವು, ಊತ, ವಸಡಿನಿಂದ ರಕ್ತ, ಆಮೇಲೆ ಮೂತ್ರ ಕಡಿಮೆಯಾಗಿ ಕಿಡ್ನಿಗೆ ತೊಂದರೆ.

ವಿಷನಿರೋಧಕ ಚುಚ್ಚುಮದ್ದು ತಾಲೂಕು ಆಸ್ಪತ್ರೆಗಳಲ್ಲಿರುತ್ತದೆ, ಅನೇಕ ಪ್ರಾಥಮಿಕ ಕೇಂದ್ರಗಳಲ್ಲೂ ಇಟ್ಟಿರುತ್ತಾರೆ. ಮೊದಲ ಡೋಸ್ ಸಾಮಾನ್ಯವಾಗಿ 10 ವಯಲ್. ಹಾಗಾಗಿ ಹೊರಡುವಾಗ "ಇದೆಯಾ" ಅಂತ ಮಾತ್ರ ಕೇಳಿದರೆ ಸಾಲದು, "ಎಷ್ಟು ವಯಲ್ ಇದೆ, ಡಾಕ್ಟ್ರು ಇದ್ದಾರಾ" ಅಂತಲೂ ಕೇಳಬೇಕು. ಮೊದಲ ಡೋಸ್ ಹತ್ತಿರದಲ್ಲಿ ಕೊಡಿಸಿ, ಆಮೇಲೆ ಬೇಕಿದ್ದರೆ ಮೇಲಿನ ಆಸ್ಪತ್ರೆಗೆ ಹೋಗುವುದು ಸರಿಯಾದ ಕ್ರಮ. ಮತ್ತೊಂದು ಮಾತು: ವೈದ್ಯರು ಗಾಜಿನ ಟ್ಯೂಬಿನಲ್ಲಿ ರಕ್ತ ಹಾಕಿ 20 ನಿಮಿಷ ನೋಡುತ್ತಾರೆ, ಹೆಪ್ಪುಗಟ್ಟುತ್ತದೋ ಇಲ್ಲವೋ ಅಂತ. ವಿಷದ ಲಕ್ಷಣ ಇಲ್ಲದಿದ್ದರೆ ಚುಚ್ಚುಮದ್ದು ಕೊಡುವುದಿಲ್ಲ, ಒಂದು ದಿನ ಇಟ್ಟುಕೊಂಡು ಗಮನಿಸುತ್ತಾರೆ. ಅದು ನಿರ್ಲಕ್ಷ್ಯವಲ್ಲ. ಆ ಔಷಧಿಗೇ ಕೆಲವರಿಗೆ ಜೋರು ಅಲರ್ಜಿ ಆಗುತ್ತದೆ. ತೋಟಗಳಲ್ಲಿ ಕಾಣುವ ಗುಳಿಮಂಡಲದ ಜಾತಿಗಳ ವಿಷಕ್ಕೆ ಅದು ಕೆಲಸವೂ ಮಾಡುವುದಿಲ್ಲ. "ಸೂಜಿ ಹಾಕ್ಲಿಲ್ಲ" ಅಂತ ಗಲಾಟೆ ಮಾಡಿ ಡಿಸ್ಚಾರ್ಜ್ ಮಾಡಿಸಿಕೊಂಡು ಬರುವುದು ತಪ್ಪು.

ನಾಯಿ ಕಚ್ಚಿದರೆ

ಗಾಯವನ್ನು ಹರಿಯುವ ನೀರಿನಲ್ಲಿ ಸೋಪು ಹಾಕಿ 15 ನಿಮಿಷ ತೊಳೆಯಬೇಕು. ಸುಣ್ಣ, ಅರಿಶಿನ, ಕಾಫಿಪುಡಿ ಬೇಡ. ಅದೇ ದಿನ ಲಸಿಕೆ ಶುರುವಾಗಬೇಕು. ಆಳವಾದ ಗಾಯ, ರಕ್ತ ಬಂದ ಗಾಯವಾದರೆ ಲಸಿಕೆಯ ಜತೆ ಗಾಯದ ಸುತ್ತ ಇಮ್ಯುನೋಗ್ಲಾಬ್ಯುಲಿನ್ ಕೂಡ ಬೇಕು. ಅದು ಪ್ರಾಥಮಿಕ ಕೇಂದ್ರದಲ್ಲಿ ಇಲ್ಲದಿದ್ದರೆ ತಾಲೂಕು ಅಥವಾ ಜಿಲ್ಲಾ ಆಸ್ಪತ್ರೆಗೆ ಹೋಗಬೇಕು. "ನಮ್ಮನೆ ನಾಯಿನೇ, ಎಂತ ಆಗಲ್ಲ" ಅನ್ನುವಂತಿಲ್ಲ. ರೇಬಿಸ್ ಲಕ್ಷಣ ಬಂದ ಮೇಲೆ ಉಳಿಸುವ ಔಷಧಿ ಇಲ್ಲ.

ಮಲೆನಾಡಿನ ಜ್ವರ

ಸಾಮಾನ್ಯ ಜ್ವರಕ್ಕೆ ಎರಡು ದಿನ ವಿಶ್ರಾಂತಿ, ನೀರು, ಪ್ಯಾರಾಸಿಟಮಾಲ್ ಸಾಕು. ಆದರೆ ಈ ಜಿಲ್ಲೆಯಲ್ಲಿ ಒಂದು ಪ್ರಶ್ನೆ ಹೆಚ್ಚಿಗೆ ಕೇಳಿಕೊಳ್ಳಬೇಕು: ಕಾಡಿಗೆ ಹೋಗಿದ್ದರಾ? 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ಮಂಗನ ಕಾಯಿಲೆ ಈಗಲೂ ಹೋಗಿಲ್ಲ. ಚಳಿಗಾಲದಿಂದ ಮಳೆ ಹಿಡಿಯುವವರೆಗೆ ಅದರ ಕಾಲ. ದರಗು ತರಲು, ಸೌದೆಗೆ, ದನ ಹುಡುಕಲು ಕಾಡಿಗೆ ಹೋಗಿ ಬಂದವರಿಗೆ ಒಂದೇ ಸಲ ಜೋರು ಜ್ವರ, ತಲೆನೋವು, ಮೈ ಮುರಿಯುವಂತಹ ನೋವು ಬಂದರೆ ಮೆಡಿಕಲ್ ಶಾಪಿನ ಮಾತ್ರೆಯಲ್ಲಿ ಮೂರು ದಿನ ಕಳೆಯಬಾರದು. ಇಲ್ಲಿ ಮೊದಲು ಹೋಗಬೇಕಾದ್ದು ದೂರದ ದೊಡ್ಡ ಆಸ್ಪತ್ರೆಗಲ್ಲ, ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ. ರಕ್ತದ ಮಾದರಿ ಪರೀಕ್ಷೆಗೆ ಹೋಗುವುದು, ಊರಿನಲ್ಲಿ ಬೇರೆಯವರಿಗೆ ಎಚ್ಚರಿಕೆ ಕೊಡುವುದು ಎಲ್ಲ ಅಲ್ಲಿಂದಲೇ ಶುರುವಾಗುತ್ತದೆ. ಜ್ವರ ಬಿಟ್ಟು ಒಂದೆರಡು ವಾರದ ಮೇಲೆ ಮತ್ತೆ ಬರುವುದೂ ಉಂಟು.

ಗದ್ದೆಯಲ್ಲಿ ಕೆಲಸ ಮಾಡಿದವರಿಗೆ ಜ್ವರದ ಜತೆ ಕಣ್ಣು ಕೆಂಪಾಗಿ ಮೀನಖಂಡ ನೋಯುತ್ತಿದ್ದರೆ ಇಲಿ ಜ್ವರ ಇರಬಹುದು. ಡೆಂಗಿಯೂ ಇದೆ. ಯಾವ ಜ್ವರ ಎಂದು ಗೊತ್ತಾಗುವವರೆಗೆ ಪ್ಯಾರಾಸಿಟಮಾಲ್ ಬಿಟ್ಟು ಬೇರೆ ನೋವಿನ ಮಾತ್ರೆ ನುಂಗಬಾರದು, ರಕ್ತಸ್ರಾವದ ಅಪಾಯ ಹೆಚ್ಚುತ್ತದೆ. "ಒಂದು ಸೂಜಿ ಹಾಕ್ಬಿಡಿ ಡಾಕ್ಟ್ರೆ, ನಾಳೆ ಕೊಯ್ಲಿದೆ" ಎಂದು ಒತ್ತಾಯಿಸುವುದೂ ಅಷ್ಟೇ ಕೆಟ್ಟದ್ದು.

ಮಕ್ಕಳ ವಿಷಯದಲ್ಲಿ ಥರ್ಮಾಮೀಟರ್‌ಗಿಂತ ಮಗುವನ್ನು ನೋಡಬೇಕು. ಜ್ವರ 102 ಇದ್ದರೂ ಮಾತ್ರೆ ಕೊಟ್ಟ ಮೇಲೆ ಆಡುತ್ತಾ, ಕುಡಿಯುತ್ತಾ ಇದ್ದರೆ ಬೆಳಗಾಗುವವರೆಗೆ ಕಾಯಬಹುದು. ಹಾಲು ಕುಡಿಯುತ್ತಿಲ್ಲ, ಕೊಟ್ಟಿದ್ದೆಲ್ಲ ವಾಂತಿ, ಮಂಕಾಗಿ ಮಲಗಿದೆ, ಫಿಟ್ಸ್ ಬಂತು, ಉಸಿರೆಳೆದಾಗ ಪಕ್ಕೆ ಒಳಗೆ ಹೋಗುತ್ತಿದೆ ಎಂದರೆ ರಾತ್ರಿಯೇ ಹೊರಡಬೇಕು. ಒಂದು ವರ್ಷದೊಳಗಿನ ಮಗು ನಿಮಿಷಕ್ಕೆ 50 ಅಥವಾ ಹೆಚ್ಚು, ಒಂದರಿಂದ ಐದು ವರ್ಷದ ಮಗು 40 ಅಥವಾ ಹೆಚ್ಚು ಸಲ ಉಸಿರಾಡುತ್ತಿದ್ದರೆ ನ್ಯುಮೋನಿಯಾ ಇರಬಹುದು. ಎರಡು ತಿಂಗಳೊಳಗಿನ ಕೂಸಿಗೆ ಜ್ವರ ಬಂದರೆ ಯಾವ ಲೆಕ್ಕವೂ ಬೇಡ, ಆಸ್ಪತ್ರೆಯೇ. ಫಿಟ್ಸ್ ಬಂದಾಗ ಕೈಗೆ ಕಬ್ಬಿಣ ಕೊಡುವುದು, ಬಾಯಿಗೆ ಚಮಚ ತುರುಕುವುದು ಬಿಟ್ಟು ಮಗ್ಗುಲಿಗೆ ಮಲಗಿಸಬೇಕು.

ಭೇದಿಗೆ ಒಂದು ಓಆರ್‌ಎಸ್ ದೊಡ್ಡ ಪ್ಯಾಕೆಟ್ ಅನ್ನು ಪೂರ್ತಿ ಒಂದು ಲೀಟರ್ ನೀರಿಗೆ ಹಾಕಬೇಕು, ಅರ್ಧ ಲೋಟಕ್ಕೆ ಸ್ವಲ್ಪ ಸ್ವಲ್ಪ ಪುಡಿ ಅಲ್ಲ. ಮಕ್ಕಳಿಗೆ ಜತೆಗೆ 14 ದಿನ ಜಿಂಕ್ ಮಾತ್ರೆ.

ಮರದಿಂದ ಬಿದ್ದರೆ

ಅಡಿಕೆ ಕೊನೆ ತೆಗೆಯುವಾಗ ಬಿದ್ದವರನ್ನು ಇಬ್ಬರು ಕೈಕಾಲು ಹಿಡಿದು ಎತ್ತಿ ಆಟೋದಲ್ಲಿ ಕೂರಿಸುವುದೇ ದೊಡ್ಡ ಅನಾಹುತ. ಬೆನ್ನುಮೂಳೆ ಮುರಿದಿದ್ದರೆ ಆಗ ನರಕ್ಕೂ ಪೆಟ್ಟಾಗಿ ಸೊಂಟದ ಕೆಳಗೆ ಸ್ವಾಧೀನ ತಪ್ಪಬಹುದು. ಮನೆಯ ಬಾಗಿಲೋ ಅಗಲದ ಹಲಗೆಯೋ ತಂದು, ತಲೆ, ಕುತ್ತಿಗೆ, ಸೊಂಟ ಒಂದೇ ಗೆರೆಯಲ್ಲಿ ಇರುವಂತೆ ನಾಲ್ಕು ಜನ ಸೇರಿ ಜಾರಿಸಬೇಕು. ರಕ್ತ ಸುರಿಯುತ್ತಿಲ್ಲ, ಉಸಿರು ಸರಿಯಿದೆ ಎಂದಾದರೆ ಸ್ಕ್ಯಾನ್ ಮತ್ತು ಮೂಳೆ ತಜ್ಞರಿರುವ ಕಡೆಗೆ ನೇರ ಹೋಗಬಹುದು.

ಕೀಟನಾಶಕ, ಕಳೆನಾಶಕ ಕುಡಿದವರಿಗೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬಾರದು. ಬಾಟಲಿಯನ್ನು ಮಾತ್ರ ಮರೆಯದೇ ತರಬೇಕು. ಲೇಬಲ್ ನೋಡಿಯೇ ಔಷಧಿ ಹೇಳುವುದು. ಜೀವ ಉಳಿದ ಮೇಲೂ ಮನಸ್ಸು ಸರಿಯಾಗಿರುವುದಿಲ್ಲ. ಟೆಲಿ ಮಾನಸ್ 14416ಕ್ಕೆ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು.

108ಕ್ಕೆ ಏನು ಹೇಳಬೇಕು?

2008ರ ನವೆಂಬರ್‌ನಲ್ಲಿ ಶುರುವಾದ ಆರೋಗ್ಯ ಕವಚ 108 ಉಚಿತ. ಕರೆ ತೆಗೆದುಕೊಳ್ಳುವವರು ನಿಮ್ಮೂರಿನವರಲ್ಲ, "ದೊಡ್ಡ ಹಲಸಿನ ಮರದ ಹತ್ತಿರ" ಅಂದರೆ ಅವರಿಗೆ ತಿಳಿಯದು. ಜಿಲ್ಲೆ, ತಾಲೂಕು, ಗ್ರಾಮ ಪಂಚಾಯಿತಿ, ಊರು, ಆಮೇಲೆ ಶಾಲೆಯೋ ದೇವಸ್ಥಾನವೋ ಹೇಳಬೇಕು. ಎಚ್ಚರ ಇದೆಯಾ, ಉಸಿರಾಡುತ್ತಿದ್ದಾರಾ ಎಂಬುದಕ್ಕೆ ಉತ್ತರ ಸಿದ್ಧ ಇರಲಿ. ಒಬ್ಬರು ಟಾರ್ಚ್ ಹಿಡಿದು ಮುಖ್ಯರಸ್ತೆಗೆ ಬಂದು ನಿಲ್ಲಬೇಕು. ಆಂಬುಲೆನ್ಸ್ ದೂರದಲ್ಲಿದೆ ಅಂತ ಗೊತ್ತಾದರೆ ಊರಿನ ಜೀಪಿನಲ್ಲಿ ಹೊರಟು, ದಾರಿಯಲ್ಲಿ ಸಿಗುವಂತೆ ಮಾತಾಡಿಕೊಳ್ಳಬಹುದು. ತುರ್ತಲ್ಲದ ಸಲಹೆಗೆ 104 ಇದೆ.

ಸಾಗರ ತಾಲೂಕಿನ ತುಮರಿ ಭಾಗದವರಿಗೆ ಈ ಲೆಕ್ಕವೇ ಈಗ ಬದಲಾಗಿದೆ. ಮೊದಲು ಸಂಜೆ ಲಾಂಚ್ ನಿಂತರೆ ಮುಗಿಯಿತು, ರಾತ್ರಿ ರೋಗಿಯನ್ನು ಸುತ್ತು ದಾರಿಯಲ್ಲಿ ಒಯ್ಯಬೇಕಿತ್ತು. 2025ರ ಜುಲೈನಲ್ಲಿ ಸಿಗಂದೂರು ಸೇತುವೆ ತೆರೆದ ಮೇಲೆ ಸಾಗರಕ್ಕೆ ರಾತ್ರಿಯೂ ನೇರ ರಸ್ತೆ ಸಿಕ್ಕಿದೆ. "ಬೆಳಿಗ್ಗೆ ಲಾಂಚಿಗೆ ಹೋಗೋಣ" ಎಂದು ಕಾಯುತ್ತಿದ್ದ ಹಳೆಯ ಅಭ್ಯಾಸವನ್ನು ಮಾತ್ರ ಬಿಡಬೇಕು.

ದುಡ್ಡಿನ ಚಿಂತೆ

ತುರ್ತು ಸ್ಥಿತಿಯಲ್ಲಿ ಬಂದವರಿಗೆ ಮೊದಲು ಚಿಕಿತ್ಸೆ ಕೊಡಬೇಕು ಎಂದು ಸುಪ್ರೀಂ ಕೋರ್ಟ್ 1989ರಲ್ಲೇ ಹೇಳಿದೆ. ಅಪಘಾತ ಎಂದ ಮಾತ್ರಕ್ಕೆ ಪೊಲೀಸರು ಬರಲಿ ಅಂತ ಕಾಯಿಸುವಂತಿಲ್ಲ, ಅದು ಸರ್ಕಾರಿ, ಖಾಸಗಿ ಎರಡಕ್ಕೂ ಅನ್ವಯ. ಗಾಯಾಳುವನ್ನು ಕರೆತಂದವರು ಹೆಸರು ಹೇಳಲೇಬೇಕೆಂದಿಲ್ಲ. ರಸ್ತೆ ಅಪಘಾತವಾದರೆ ಕೇಂದ್ರದ 2025ರ ಯೋಜನೆಯಲ್ಲಿ ನಿಗದಿತ ಆಸ್ಪತ್ರೆಗಳಲ್ಲಿ ಏಳು ದಿನದವರೆಗೆ ಒಂದೂವರೆ ಲಕ್ಷ ರೂ. ತನಕ ನಗದುರಹಿತ ಚಿಕಿತ್ಸೆ ಇದೆ.

ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂ., ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ. 30, ಗರಿಷ್ಠ 1.5 ಲಕ್ಷ ರೂ. ಬಹಳ ಜನ ಎಡವುವುದು ರೆಫರಲ್ ವಿಷಯದಲ್ಲಿ. ಮುಂಚಿತವಾಗಿ ಗೊತ್ತಿರುವ ಆಪರೇಷನ್‌ಗೆ ಖಾಸಗಿ ಆಸ್ಪತ್ರೆಗೆ ಹೋಗುವ ಮೊದಲು ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ ಬೇಕು. ನೇರ ಅಡ್ಮಿಟ್ ಆಗಿ ಆಮೇಲೆ ಕಾರ್ಡ್ ತೋರಿಸಿದರೆ ಬಿಲ್ ಕೈಯಿಂದಲೇ ಕಟ್ಟಬೇಕಾದೀತು. ಯೋಜನೆಯ ಪಟ್ಟಿಯಲ್ಲಿರುವ ತುರ್ತು ಚಿಕಿತ್ಸೆಗಳಿಗೆ ಮಾತ್ರ ರೆಫರಲ್ ಬೇಡ, ಆದರೆ ಆಸ್ಪತ್ರೆ ಯೋಜನೆಗೆ ನೋಂದಾಯಿತವಾಗಿರಬೇಕು. ಒಳಗೆ ಹೋದ ಕೂಡಲೇ 'ಆರೋಗ್ಯ ಮಿತ್ರ' ಕೌಂಟರ್ ಎಲ್ಲಿದೆ ಎಂದು ಕೇಳುವುದು ಒಳ್ಳೆಯದು.

ಕೈಚೀಲದಲ್ಲಿ ಇರಬೇಕಾದ್ದು ಆಧಾರ್, ರೇಷನ್ ಕಾರ್ಡ್, ಈಗ ನುಂಗುತ್ತಿರುವ ಮಾತ್ರೆಗಳ ಪಟ್ಟಿ ಅಥವಾ ಖಾಲಿ ಪಟ್ಟಿಗಳು, ಹಳೆಯ ಇಸಿಜಿ ಇದ್ದರೆ ಅದು, ಗರ್ಭಿಣಿಯಾದರೆ ತಾಯಿ ಕಾರ್ಡ್. ಹತ್ತಿರದ ಪ್ರಾಥಮಿಕ ಕೇಂದ್ರ, ತಾಲೂಕು ಆಸ್ಪತ್ರೆಯ ತುರ್ತು ವಿಭಾಗ, ಆಶಾ ಕಾರ್ಯಕರ್ತೆ ಮತ್ತು ರಾತ್ರಿ ಕರೆದರೆ ಬರುವ ಊರಿನ ಒಬ್ಬ ಗಾಡಿಯವರ ನಂಬರನ್ನು ಮೊಬೈಲಿನಲ್ಲಿ ಮಾತ್ರವಲ್ಲ, ಮನೆಯ ಗೋಡೆಯ ಕ್ಯಾಲೆಂಡರ್ ಮೇಲೂ ದೊಡ್ಡದಾಗಿ ಬರೆದಿಡಬೇಕು. ಮೊಬೈಲ್ ಲಾಕ್ ತೆಗೆಯಲು ಗೊತ್ತಿರುವವರಿಗೇ ಹುಷಾರು ತಪ್ಪಿರಬಹುದು.